ಇಬ್ರಿಯ ಬಾಯಮ್ಮ, ಸ್ವೀಡನ್ನಿನ ಕೌಂಟೆಸ್

ನಮ್ಮ ಆಫೀಸಿನಲ್ಲಿ ಕೆಲವರ ತಾಯಂದಿರು ಎರಡೆರಡು ಸಲ ತೀರಿಕೊಂಡಿದ್ದಾರೆ. ಒಬ್ಬ ಸರ್ವೇಯರನ ತಾಯಿಯಂತೂ ಮೂರು ಸಲ ತೀರಿಕೊಂಡು, ನಾಲ್ಕನೆಯ ವರ್ಷ ಮಗನ ಮದುವೆಯ ಕಾಗದದಲ್ಲಿ ಹೆಸರು ಹಾಕಿಸಿಕೊಂಡು ಬಂದರು. ತುರ್ತು ರಜೆ ಬೇಕೆಂದರೆ ಗಲ್ಫಿನಲ್ಲಿರುವ ನಮಗೆ ಹೊಳೆಯುವ ಕಾರಣ ಅದೊಂದೇ. ಈ ಸಾವುಗಳ ಪೂರ್ತಿ ಲೆಕ್ಕ ಗೊತ್ತಿದ್ದುದು, ಅರ್ಜಿಗಳನ್ನು ಫೈಲಿಗೆ ಹಾಕುತ್ತಿದ್ದ ಒಬ್ಬರಿಗೆ ಮಾತ್ರ. ಮೂವತ್ತೊಂದು ವರ್ಷ ಅವರು ಆ ಫೈಲುಗಳನ್ನು ಕಾದರು. ಯಾರ ಗುಟ್ಟನ್ನೂ ಯಾರಿಗೂ ಬಿಟ್ಟುಕೊಡಲಿಲ್ಲ.

ಅವರು ಹೋದ ತಿಂಗಳು ಉಡುಪಿ ಹತ್ತಿರದ ಶಂಕರಪುರದಲ್ಲಿ, ತಾವೇ ಕಟ್ಟಿಸಿದ ಮನೆಯಲ್ಲಿ ತೀರಿಕೊಂಡರು. ಅವರ ತಂಗಿ ಫೋನ್ ಮಾಡಿದಾಗ ನಾನು ಒಮಾನಿನ ಇಬ್ರಿಯ ಇದೇ ಆಫೀಸಿನಲ್ಲಿ ಒಂದು ಮೋರಿಯ ನಕ್ಷೆ ಮುಂದಿಟ್ಟುಕೊಂಡು ಕೂತಿದ್ದೆ. ರಸ್ತೆ, ಮೋರಿ, ವಾದಿ ಎನ್ನುವ ಒಣಹಳ್ಳಗಳಿಗೆ ಅಡ್ಡಲಾಗಿ ಸಣ್ಣಪುಟ್ಟ ಸೇತುವೆ ಕಟ್ಟುವ ಕಂಪನಿ ನಮ್ಮದು. ನಾನು ಇಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿ ಹದಿನೆಂಟು ವರ್ಷವಾಯಿತು. ಅದರಲ್ಲಿ ಹದಿನಾಲ್ಕು ವರ್ಷ ಅವರ ಟೇಬಲ್ಲಿನ ಪಕ್ಕದಲ್ಲೇ ನನ್ನ ಟೇಬಲ್ಲು ಇತ್ತು. ನನಗೆ ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಇಷ್ಟು ದುಃಖವಾಗುತ್ತದೆಂದು ನಾನೇ ಅಂದುಕೊಂಡಿರಲಿಲ್ಲ.

ನಾವೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ನಮ್ಮ ಕಡೆ ತುಳುವರು ಹಿರಿಯ ಕ್ರಿಶ್ಚನ್ ಹೆಂಗಸರನ್ನು ಕರೆಯುವುದೇ ಹಾಗೆ. ಇಬ್ರಿಯಲ್ಲಿ ಅದು ಅವರ ಹೆಸರೇ ಆಗಿಹೋಗಿತ್ತು. ಪೇಶಾವರದ ಡ್ರೈವರ್ ಬಾಯಮ್ಮಾಜೀ ಎನ್ನುತ್ತಿದ್ದ. ಮಾಲೀಕರು, ಅಂದರೆ ನಮ್ಮ ಅರ್ಬಾಬ್, ಬಾಯಮ್ಮ ಮೇಡಂ ಎನ್ನುತ್ತಿದ್ದರು. ಹುದ್ದೆ ಸೆಕ್ರೆಟರಿಯದು. ತೆಳ್ಳಗೆ, ಎತ್ತರಕ್ಕೆ ಇದ್ದರು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಜೂನ್ ತಿಂಗಳಲ್ಲೂ, ಆಫೀಸಿನ ಏಸಿಗಾಗಿ ಒಂದು ಬೂದಿಬಣ್ಣದ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಸಿಟ್ಟು ಬಂದರೆ ಕೊಂಕಣಿ, ತಮಾಷೆಗೆ ತುಳು, ಉಳಿದದ್ದಕ್ಕೆಲ್ಲ ಕನ್ನಡ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನೀರು ಕೊಟ್ಟು, ಕೂರಿಸಿ, ತಾಯಿ ಇದ್ದಾರೆಯೇ ಎಂದು ಕೇಳಿದರು. ಊರಿನವರಲ್ಲವೇ, ಎಷ್ಟು ಅಂತಃಕರಣ ಎಂದು ನನ್ನ ಕಣ್ಣು ತುಂಬಿತು. ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ ಎಂದೆ. ಅದನ್ನು ಅವರು ಒಂದು ಚೀಟಿಯಲ್ಲಿ ಬರೆದು ನನ್ನ ಫೈಲಿಗೆ ಸೇರಿಸಿದ್ದರೆಂಬುದು ಎರಡು ವರ್ಷದ ನಂತರ ನನ್ನ ಮೊದಲ ತುರ್ತು ರಜೆಯ ಅರ್ಜಿ ಕೊಟ್ಟಾಗ ತಿಳಿಯಿತು. ಅವರು ಅರ್ಜಿ ಓದಿದರು, ಚೀಟಿ ನೋಡಿದರು, ನನ್ನ ಮುಖ ನೋಡಿದರು. ಅಜ್ಜಿ ಇದ್ದರೆ ಅಜ್ಜಿಯನ್ನು ಹಾಕುವುದು ಒಳ್ಳೆಯದು ಎಂದಷ್ಟೇ ತುಳುವಿನಲ್ಲಿ ಹೇಳಿ ಅರ್ಜಿಯನ್ನು ವಾಪಸು ಕೊಟ್ಟರು. ನಾನು ಅಜ್ಜಿಯನ್ನು ಹಾಕಿದೆ.

ಅವರ ಟೇಬಲ್ಲಿನ ಎದುರು ಯಾರೂ ನಿಂತುಕೊಂಡು ಮಾತಾಡುವಂತಿರಲಿಲ್ಲ. ಚಹಾ ತರುವವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರಿಗೂ ಕುರ್ಚಿ. ಒಮ್ಮೆ ಬುರೈಮಿಯ ಕಾಂಟ್ರಾಕ್ಟರ್ ಒಬ್ಬ ಬಾಗಿಲಿನಿಂದಲೇ ಕೂಗಾಡುತ್ತ ಬಂದ. ಬಾಯಮ್ಮ ಅವನನ್ನು ಕೂರಿಸಿದರು, ಖರ್ಜೂರದ ತಟ್ಟೆ ಮುಂದಿಟ್ಟರು, ಅವನೇ ನಮಗೆ ಬರೆದಿದ್ದ ಪತ್ರವನ್ನು ತೆಗೆದು ಅವನಿಗೇ ನಿಧಾನವಾಗಿ ಓದಿ ಹೇಳಿದರು. ಎರಡನೆಯ ಪ್ಯಾರಾ ಮುಗಿಯುವಷ್ಟರಲ್ಲಿ ಅವನು ಖಲಾಸ್, ಖಲಾಸ್, ಸಾಕು ಎಂದು ಖರ್ಜೂರ ತಿನ್ನತೊಡಗಿದ. ಹೋಗುವಾಗ ಇವರ ಆರೋಗ್ಯವನ್ನೂ ವಿಚಾರಿಸಿಕೊಂಡು ಹೋದ. ಇದೆಲ್ಲಿ ಕಲಿತಿರಿ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಆಗ ಅರ್ಥವಾಗಲಿಲ್ಲ.

“ನಮ್ಮ ಕೌಂಟೆಸ್ ನಾಲ್ಕು ಗಂಟೆ ನಿಂತದ್ದುಂಟು ಮಾರಾಯ, ರಾಣಿ ಇಸ್ಪೀಟು ಆಡುವಾಗ ಕುರ್ಚಿಯ ಹಿಂದೆ. ನಿಂತವರಿಗೆ ಸಿಟ್ಟು ಬರುವುದು ಕಾಲಿನಿಂದ. ಕೂತರೆ ಅರ್ಧ ಹೋಗ್ತದೆ.”

ಈ ಕೌಂಟೆಸ್ ಯಾರೆಂದು ಹೇಳಬೇಕು. ನಾನು ಸೇರುವುದಕ್ಕೂ ಮೊದಲು, ಕಲ್ಲು ಪುಡಿ ಮಾಡುವ ಯಂತ್ರ ಕೂರಿಸಲು ಸ್ವೀಡನ್ನಿನ ಒಬ್ಬ ಎಂಜಿನಿಯರ್ ಕಂಪನಿಯ ವಿಲ್ಲಾದಲ್ಲಿ ಒಂದು ವರ್ಷ ಇದ್ದನಂತೆ. ಅವನು ಊರಿಗೆ ಹೋದಮೇಲೆ ಬಿಟ್ಟುಹೋದ ಸಾಮಾನಿನ ಪಟ್ಟಿ ಮಾಡಲು ಬಾಯಮ್ಮನನ್ನು ಕಳಿಸಿದರು. ಅಡುಗೆಮನೆಯ ಕಪಾಟಿನಲ್ಲಿ ರಟ್ಟಿಲ್ಲದ, ಮೊದಲ ಹಾಳೆಗಳೂ ಹರಿದುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಆಗಿನ ಇಬ್ರಿಯಲ್ಲಿ ಓದಲು ಬೇರೆ ಏನೂ ಇರಲಿಲ್ಲವಾದ್ದರಿಂದ ಮನೆಗೆ ತಂದರು. ಇನ್ನೂರೈವತ್ತು ವರ್ಷ ಹಿಂದೆ ಸ್ಟಾಕ್‌ಹೋಮಿನ ಅರಮನೆಯಲ್ಲಿ ರಾಣಿಯ ಸಖಿಯಾಗಿದ್ದ ಒಬ್ಬ ದೊಡ್ಡ ಮನೆತನದ ಹೆಂಗಸು ತನ್ನ ಚಿಕ್ಕಮ್ಮನ ಮಗಳಿಗೂ ಕೊನೆಕೊನೆಗೆ ರಾಣಿಗೂ ಬರೆದ ಪತ್ರಗಳು ಅದರಲ್ಲಿದ್ದವು. ಪುಸ್ತಕದ ಹೆಸರಾಗಲಿ ಬರೆದವಳ ಪೂರ್ತಿ ಹೆಸರಾಗಲಿ ಕೊನೆಯವರೆಗೂ ನಮಗೆ ತಿಳಿಯಲಿಲ್ಲ. ಬಾಯಮ್ಮನ ಬಾಯಲ್ಲಿ ಅವಳು ನಮ್ಮ ಕೌಂಟೆಸ್.

ಅದನ್ನು ಕನ್ನಡಕ್ಕೆ ತರಬೇಕೆಂದು ಅವರಿಗೆ ಯಾಕನ್ನಿಸಿತೋ. ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿತವರು, ಅಕ್ಷರ ಮುತ್ತಿನಂತಿತ್ತು. ಆಫೀಸಿಗೆ ಒಂದರಿಂದ ನಾಲ್ಕರವರೆಗೆ ಬಿಡುವು. ಉಳಿದವರೆಲ್ಲ ರೂಮಿಗೆ ಹೋಗಿ ಪರದೆ ಎಳೆದು ಮಲಗಿದರೆ ಬಾಯಮ್ಮ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿಯ ಡಬ್ಬಿ ಮುಗಿಸಿ, ನಾನು ರದ್ದು ಮಾಡಿ ಎಸೆದ ನಕ್ಷೆಗಳನ್ನು ಎತ್ತಿಕೊಂಡು ಅವುಗಳ ಬೆನ್ನಿನಲ್ಲಿ ಬರೆಯುತ್ತಿದ್ದರು. ಮುಂದೆ ಇಬ್ರಿಯ ಮೋರಿ, ಹಿಂದೆ ಸ್ವೀಡನ್ನಿನ ಅರಮನೆ. ದಿನಕ್ಕೆ ಅರ್ಧ ಪುಟ, ಕೆಲವು ದಿನ ಎರಡೇ ಸಾಲು. ಊರಿನಲ್ಲಿ ಪ್ರೆಸ್ಸು ಹುಡುಕುವ ಯೋಚನೆ ಅವರಿಗೆ ಇದ್ದಂತಿರಲಿಲ್ಲ. ಕೇಳಿದರೆ ಮೊದಲು ಮುಗಿಯಲಿ ಎನ್ನುತ್ತಿದ್ದರು.

ನಾಲ್ಕು ಗಂಟೆಗೆ ನಾವು ಕಣ್ಣುಜ್ಜುತ್ತ ಬಂದಾಗ ಆವತ್ತಿನ ಭಾಗವನ್ನು ಚಹಾದ ಜೊತೆ ಹೇಳುತ್ತಿದ್ದರು. ಹೊರಗೆ ನಲವತ್ತೆಂಟು ಡಿಗ್ರಿ ಇರುವಾಗ, ಕೌಂಟೆಸಳ ಕೋಣೆಯಲ್ಲಿ ದವಾತಿನ ಶಾಯಿ ಹೆಪ್ಪುಗಟ್ಟಿ ಅವಳು ಅದನ್ನು ಬಗಲಲ್ಲಿಟ್ಟುಕೊಂಡು ಕರಗಿಸಿದ ಕಥೆ ಕೇಳಿದ್ದೇವೆ. ಅಲ್ಲಿನ ರಾಜನಿಗೆ ನಾಟಕದ ಹುಚ್ಚು. ಆಸ್ಥಾನದ ಹೆಂಗಸರು ಏನು ಉಡಬೇಕು ಎಂದು ಅವನೇ ಕೂತು ಚಿತ್ರ ಬರೆದು, ಕಪ್ಪು ಗೌನಿಗೆ ಬಿಳಿ ತೋಳಿಟ್ಟು ಸಮವಸ್ತ್ರ ಮಾಡಿದನಂತೆ. ತೋಳು ನೋಡಿದರೆ ಸಾಕು, ಯಾರು ಅರಮನೆಯವರು ಯಾರು ಹೊರಗಿನವರು ಎಂದು ತಿಳಿಯುತ್ತಿತ್ತು. ಅದೇ ರಾಜನಿಗೆ ಮುಖವಾಡ ಹಾಕಿಕೊಂಡು ಕುಣಿಯುವ ಕೂಟದಲ್ಲಿ ಒಬ್ಬ ಬೆನ್ನಿಗೆ ಗುಂಡು ಹೊಡೆದ ಭಾಗವನ್ನು ಬಾಯಮ್ಮ ಮೂರು ದಿನ ಎಳೆದರು. ಆ ಮೂರು ದಿನ ಪೇಶಾವರದ ಡ್ರೈವರ್ ಸೈಟಿಗೆ ಹೊರಡಲು ತಡಮಾಡಿ ಫೋರ್‌ಮನ್ನಿನಿಂದ ಬೈಸಿಕೊಂಡ. ಅವನಿಗೆ ಹಿಂದಿಯಲ್ಲಿ ಬೇರೆ ಹೇಳಬೇಕಾಗುತ್ತಿತ್ತು.

ಅರ್ಬಾಬರಿಗೂ ಈ ಕಥೆ ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಅವರ ಕ್ಯಾಬಿನ್ನಿನಲ್ಲಿ ಕಹ್ವಾ, ಏಲಕ್ಕಿ ಹಾಕಿದ ಅರಬ್ಬಿ ಕಾಫಿ. ಬಾಯಮ್ಮ ಸಹಿಯ ಕಾಗದಗಳನ್ನು ಹಿಡಿದು ಒಳಗೆ ಹೋದರೆ ಅವರು ಮೊದಲು ಕೌಂಟೆಸಳ ವರ್ತಮಾನ ವಿಚಾರಿಸಿ ಆಮೇಲೆ ಪೆನ್ನು ತೆಗೆಯುತ್ತಿದ್ದರು. ಇಬ್ರಿಯವರೇ, ಹಳೆಯ ಮನೆತನ. ಹಿಂದಿ ಚೆನ್ನಾಗಿ ಬರುತ್ತದೆ. ಕೆಟ್ಟ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದು ಓದಿ ಯಾರಾದರೂ ಅವರನ್ನು ಕೆಟ್ಟವರೆಂದುಕೊಂಡರೆ ಬಾಯಮ್ಮನ ಆತ್ಮಕ್ಕೆ ಸಿಟ್ಟು ಬರುತ್ತದೆ.

ಐವತ್ತೈದು ದಾಟಿದ ಮೇಲೆ ಬಾಯಮ್ಮನಿಗೆ ಊರಿಗೆ ಹೋಗಬೇಕೆನಿಸಿತು. ಶಂಕರಪುರದಲ್ಲಿ ಮಲ್ಲಿಗೆ ಗಿಡಗಳ ನಡುವೆ ಎರಡು ಕೋಣೆಯ ಮನೆ ಕಟ್ಟಿಸಿ ಆಗಿತ್ತು. ಗಂಡ ಮಕ್ಕಳು ಎಂದು ಇರಲಿಲ್ಲ. ಅದರ ಬಗ್ಗೆ ಅವರು ಮಾತಾಡಲೂ ಇಲ್ಲ, ನಾವು ಕೇಳಲೂ ಇಲ್ಲ. ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ನಾನು ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿದರು.

“ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತ್ಕೊಳ್ಳಿಕ್ಕುಂಟು. ಯಾರೂ ಕರೀಬಾರದು. ಎಂಟು ಗಂಟೆವರೆಗೆ ಹಾಗೇ. ಇಪ್ಪತ್ತೈದು ವರ್ಷದಿಂದ ಒಂದು ದಿನ ಹಾಗೆ ಕೂತದ್ದಿಲ್ಲ ನಾನು.”

ಇಷ್ಟು ಸಣ್ಣ ಆಸೆಯನ್ನು ಅರ್ಜಿಯಲ್ಲಿ ಬರೆಯುವುದು ಹೇಗೆ. ಆದ್ದರಿಂದ ಅವರೂ ನಾವೆಲ್ಲ ಮಾಡುವ ತಪ್ಪನ್ನೇ ಮಾಡಿದರು. ಕಾರಣ ಕೊಟ್ಟರು. ತಾಯಿ ತೀರಿಕೊಂಡಿದ್ದು ನಿಜವಾಗಿಯೂ ಬಹಳ ಹಿಂದೆಯಾದ್ದರಿಂದ ಮೊಣಕಾಲು ನೋವನ್ನು ಹಾಕಿದರು. ಅದು ಸುಳ್ಳೇನಲ್ಲ, ಆಫೀಸು ಆಗ ಮೊದಲ ಮಹಡಿಯಲ್ಲಿತ್ತು, ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದರು. ಅರ್ಬಾಬ್ ಅರ್ಜಿ ಓದಿ ಬಹಳ ನೊಂದುಕೊಂಡರು. ಒಂದು ತಿಂಗಳೊಳಗೆ ಕೆಳಗಿನ ಗೋದಾಮನ್ನು ಖಾಲಿ ಮಾಡಿಸಿ, ಬಣ್ಣ ಹೊಡೆಸಿ, ತಮ್ಮ ಕ್ಯಾಬಿನ್ ಸಮೇತ ಇಡೀ ಆಫೀಸನ್ನೇ ಕೆಳಗಿಳಿಸಿದರು. ಬಾಯಮ್ಮನಿಗೆ ಥ್ಯಾಂಕ್ಸ್ ಹೇಳದೆ ಬೇರೆ ದಾರಿಯಿರಲಿಲ್ಲ.

ಎರಡು ವರ್ಷ ಬಿಟ್ಟು, ತಂಗಿ ಊರಿನಲ್ಲಿ ಒಬ್ಬಳೇ ಇದ್ದಾಳೆ ಎಂದು ಬರೆದರು. ತಂಗಿಗೆ ವೀಸಾ ಬಂತು. ತಂಗಿ ಬಂದು ಮೂರು ತಿಂಗಳು ಇಬ್ರಿಯ ಪೇಟೆಯನ್ನೆಲ್ಲ ಸುತ್ತಿ, ಹಲ್ವಾದ ಡಬ್ಬಿಗಳನ್ನು ಕಟ್ಟಿಕೊಂಡು, ಇಂಥ ಒಳ್ಳೆಯ ಜಾಗವನ್ನು ಬಿಟ್ಟು ಬರಬೇಡ ಎಂದು ಅಕ್ಕನಿಗೇ ಬುದ್ಧಿ ಹೇಳಿ ವಿಮಾನ ಹತ್ತಿದರು. ಮೂರನೆಯ ಸಲ ಪೂಜೆಗೆ ಇಗರ್ಜಿ ದೂರವಾಯಿತೆಂದರು. ಇಬ್ರಿಯಲ್ಲಿ ಚರ್ಚೇ ಇಲ್ಲ, ಸೋಹಾರಿಗೆ ಹೋಗಬೇಕು, ಗಂಟೆಗಟ್ಟಲೆ ದಾರಿ. ಮುಂದಿನ ಶುಕ್ರವಾರದಿಂದ ಅರ್ಬಾಬರ ಸ್ವಂತ ಕಾರು ಡ್ರೈವರ್ ಸಮೇತ ಬಾಯಮ್ಮನ ಬಾಗಿಲಲ್ಲಿ ನಿಂತಿತು. ಅದರಲ್ಲಿ ನಮ್ಮ ಕಡೆಯ ಇನ್ನೂ ಮೂರು ಕುಟುಂಬದವರು ಪೂಜೆಗೆ ಹೋಗಿ ಬರತೊಡಗಿದರು. ಬಾಯಮ್ಮ ಊರಿಗೆ ಹೋಗಿಬಿಟ್ಟರೆ ನಮ್ಮ ಗತಿಯೇನು ಎಂದು ಆ ಕುಟುಂಬಗಳೂ ಅವರ ಬೆನ್ನು ಹತ್ತಿದವು.

ನನ್ನ ಕಥೆಯೂ ಬೇರೆಯಾಗಿರಲಿಲ್ಲ. ಮಸ್ಕತ್ತಿನ ಬ್ರಾಂಚಿಗೆ ವರ್ಗ ಬೇಕೆಂದು, ಇಬ್ರಿಯ ಧೂಳಿನಿಂದ ಹೆಂಡತಿಗೆ ಉಬ್ಬಸ ಎಂದು ಬರೆದೆ. ಮನೆಗೆ ಗಾಳಿ ಶುದ್ಧ ಮಾಡುವ ಯಂತ್ರ ಬಂತು. ಈಗಲೂ ಮೂಲೆಯಲ್ಲಿ ಗುಂಯ್ ಎನ್ನುತ್ತಿದೆ.

ಕಾನೂನಿನ ಪ್ರಕಾರ ಬಾಯಮ್ಮ ಒಂದು ನೋಟಿಸ್ ಕೊಟ್ಟು ಹೊರಡಬಹುದಿತ್ತು. ಯಾರೂ ತಡೆಯುವಂತಿರಲಿಲ್ಲ. ಆದರೆ ಮೂವತ್ತು ವರ್ಷ ಅನ್ನ ಕೊಟ್ಟ ಜಾಗದಿಂದ ನೋಟಿಸ್ ಎಸೆದು ಹೋಗುವುದು ಅವರ ಜಾಯಮಾನವಲ್ಲ. ಅರ್ಬಾಬ್ ಮನಸಾರೆ ಹೋಗಿಬನ್ನಿ ಎನ್ನಬೇಕು, ಆಗಲೇ ಹೋಗುವುದು. ಈ ನಡುವೆ ಅವರಿಗೆ ಅರವತ್ತೆರಡಾಯಿತು. ಮೊಣಕಾಲು ನೆಲದಂತಸ್ತಿನಲ್ಲೂ ನೋಯತೊಡಗಿತು. ಒಂದು ದಿನ ಫೈಲು ತೆಗೆಯಲು ಎದ್ದವರು ಕಪಾಟು ಹಿಡಿದುಕೊಂಡು ಬಹಳ ಹೊತ್ತು ಹಾಗೇ ನಿಂತರು. ಅವರು ಜಗಲಿಯಲ್ಲಿ ಕೂರುವ ಮೊದಲೇ ಕಾಲ ಮುಗಿದುಹೋಗುತ್ತದೆಂದು ನನಗೆ ಮೊದಲ ಸಲ ಹೆದರಿಕೆಯಾಯಿತು. ಅವರಿಗೂ ಆಗಿರಬೇಕು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಪರಿಹಾರ ಬಂದದ್ದು ಕೌಂಟೆಸಳಿಂದ. ಅನುವಾದ ಪುಸ್ತಕದ ಕೊನೆಗೆ ಬಂದಿತ್ತು. ಕೌಂಟೆಸಳಿಗೂ ಅರಮನೆ ಸಾಕಾಗಿತ್ತು. ರಾಣಿ ಒಂಟಿ ಹೆಂಗಸು, ಗಂಡನಿದ್ದಾಗಲೂ ಅವನ ಪ್ರೀತಿ ಕಾಣದವಳು, ಇವಳನ್ನು ಹಚ್ಚಿಕೊಂಡಿದ್ದಳು. ಇವಳು ಕೆಮ್ಮು ಎಂದು ಬರೆದರೆ ರಾಣಿ ತನ್ನ ವೈದ್ಯನನ್ನೂ ತುಪ್ಪಳದ ಚರ್ಮ ಹೊಲಿದ ಮೇಲಂಗಿಯನ್ನೂ ಕಳಿಸಿದಳು. ತಮ್ಮನನ್ನು ನೋಡಬೇಕೆಂದರೆ ತಮ್ಮನಿಗೇ ಅರಮನೆಯ ಕಾವಲು ಪಡೆಯಲ್ಲಿ ಹುದ್ದೆ ಕೊಟ್ಟಳು. ಹೀಗೆ ನಾಲ್ಕು ಪತ್ರ, ನಾಲ್ಕು ಉಪಕಾರ. ಒಂದು ಮಧ್ಯಾಹ್ನ ನಾನು ರೂಮಿಗೆ ಹೋಗದೆ ಅಲ್ಲೇ ಕೂತಿದ್ದೆ. ಬಾಯಮ್ಮ ಹಾಳೆ ಹಿಡಿದುಕೊಂಡು, ಮೊಣಕಾಲು ಮರೆತು, ನನ್ನ ಟೇಬಲ್ಲಿಗೆ ಬಂದರು.

“ಈ ಹೆಂಗಸು ಎಲ್ಲಿ ತಪ್ಪಿದ್ದು ಅಂತ ನನಗೆ ಗೊತ್ತಾಯ್ತು ಮಾರಾಯ. ಕಾರಣ ಕೊಟ್ಟದ್ದೇ ತಪ್ಪು. ನಾವು ಕಾರಣ ಕೊಟ್ರೆ ಅವರು ಕಾರಣವನ್ನು ರಿಪೇರಿ ಮಾಡ್ತಾರೆ. ನಮ್ಮನ್ನು ಬಿಡುದಿಲ್ಲ.”

ಐದನೆಯ ಸಲ ಕೌಂಟೆಸ್ ಒಂದೇ ಸಾಲು ಬರೆದಳಂತೆ: ಮಹಾರಾಣಿಯವರು ನನಗೆ ಹೊರಡಲು ಅಪ್ಪಣೆ ಕೊಡಬೇಕು. ಯಾಕೆಂದು ಬರೆಯಲಿಲ್ಲ. ರಾಣಿ ಹತ್ತು ದಿನ ಇವಳ ಮುಖ ನೋಡಲಿಲ್ಲ. ಹನ್ನೊಂದನೆಯ ದಿನ ಅಪ್ಪಣೆ ಕೊಟ್ಟಳು.

ಅದಾದ ಮೇಲೆ ಬಾಯಮ್ಮ ಒಂದು ವಾರ ಏನನ್ನೂ ಬರೆಯಲಿಲ್ಲ. ಪುಸ್ತಕದಲ್ಲಿ ಇನ್ನು ಒಂದೇ ಪತ್ರ ಉಳಿದಿತ್ತು. ಅದರಲ್ಲಿ ಏನಿದೆ ಎಂದು ಕೇಳಿದರೆ ಮಾತು ಬದಲಿಸಿದರು. ಚಹಾದ ಹೊತ್ತಿನಲ್ಲಿ ನಮಗೆಲ್ಲ, ಕಹ್ವಾದ ಹೊತ್ತಿನಲ್ಲಿ ಅರ್ಬಾಬರಿಗೆ, ಕೌಂಟೆಸ್ ಬಂಡಿ ಹತ್ತಿ ತನ್ನ ಊರಿಗೆ ಹೋದಳು ಎನ್ನುವಲ್ಲಿಗೆ ಕಥೆ ನಿಂತಿತು.

ಒಂದು ಸೋಮವಾರ, ಮೋರಿಯ ನಕ್ಷೆಗೆ ಸಹಿ ಬೇಕಾಗಿ ನಾನೂ ಅವರ ಜೊತೆಯಲ್ಲೇ ಕ್ಯಾಬಿನ್ನಿಗೆ ಹೋದೆ. ಅರ್ಬಾಬ್ ತಾವೇ ಕಹ್ವಾ ಬಗ್ಗಿಸಿ ಕೊಟ್ಟರು. ಬಾಯಮ್ಮ ಸ್ವೆಟರಿನ ಗುಂಡಿ ಹಾಕಿಕೊಂಡರು, ಒಂದು ಕಾಗದವನ್ನು ಟೇಬಲ್ಲಿನ ಮೇಲಿಟ್ಟರು. ಅದರಲ್ಲಿ ಒಂದೇ ಸಾಲಿತ್ತು. ಹಿಂದಿಯಲ್ಲಿ, ನಿಧಾನವಾಗಿ, ನನಗೆ ಊರಿಗೆ ಹೋಗಬೇಕು ಅರ್ಬಾಬ್, ಇನ್ನು ಪೂರ್ತಿಯಾಗಿ, ಎಂದರು.

ಅರ್ಬಾಬ್ ಯಾಕೆ ಎಂದು ಕೇಳಿದರು. ಬಾಯಮ್ಮ ಬಟ್ಟಲೆತ್ತಿ ಒಂದು ಗುಟುಕು ಕುಡಿದರು. ಮೊಣಕಾಲೇ, ಮಸ್ಕತ್ತಿನಲ್ಲಿ ದೊಡ್ಡ ಡಾಕ್ಟರಿದ್ದಾರೆ ಎಂದರು ಅರ್ಬಾಬ್. ಕಾಲಿಗೆ ಏನೂ ಆಗಿಲ್ಲ ಎಂದರು ಇವರು. ತಂಗಿ? ಚೆನ್ನಾಗಿದ್ದಾಳೆ. ಸಂಬಳ? ಸಾಕಷ್ಟು ಇದೆ. ಯಾರಾದರೂ ಏನಾದರೂ ಅಂದರೇ ಎಂದು ಕೇಳುವಾಗ ಅವರು ನನ್ನ ಕಡೆ ನೋಡಿದ ನೋಟಕ್ಕೆ ನಾನು ನಕ್ಷೆಯನ್ನು ಅಡ್ಡ ಹಿಡಿದೆ. ಯಾರೂ ಏನೂ ಅಂದಿಲ್ಲ ಎಂದರು ಬಾಯಮ್ಮ. ಅರ್ಬಾಬರ ದನಿ ಸ್ವಲ್ಪ ಏರಿತು. ಕಾರಣ ಹೇಳಿದರೆ ತಾನೇ ನಾನು ಏನಾದರೂ ಮಾಡಬಹುದು ಎಂದರು.

“ಅದಕ್ಕೇ ಹೇಳುವುದಿಲ್ಲ ಅರ್ಬಾಬ್.”

ಅರ್ಬಾಬ್ ಕಾಗದವನ್ನು ಹತ್ತಿರ ಎಳೆದುಕೊಂಡರು, ದೂರ ಸರಿಸಿದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ನಿಮ್ಮ ಕೌಂಟೆಸ್ ಊರಿಗೆ ಹೋದಳಲ್ಲ, ಅಲ್ಲಿ ಸುಖವಾಗಿದ್ದಳೇ?

ಬಾಯಮ್ಮನ ಕೈಯಲ್ಲಿದ್ದ ಕಹ್ವಾದ ಬಟ್ಟಲು ಅಲ್ಲೇ ನಿಂತಿತು. ಅವರ ಮುಖ ನೋಡಿದ ಕೂಡಲೇ ನನಗೆ ಕೊನೆಯ ಪತ್ರದಲ್ಲಿ ಏನಿದೆ ಎಂದು ಹೊಳೆದುಬಿಟ್ಟಿತು. ಹ್ಞೂಂ ಎಂದುಬಿಡಿ ಬಾಯಮ್ಮ ಎಂದು ಒಳಗೊಳಗೇ ಬೇಡಿಕೊಂಡೆ. ಆ ಪುಸ್ತಕ ಓದಿದವರು ಇಡೀ ಒಮಾನಿನಲ್ಲಿ ಅವರೊಬ್ಬರೇ. ಇನ್ನೂರು ವರ್ಷ ಹಿಂದೆಯೇ ಸತ್ತವಳು ಸುಖವಾಗಿದ್ದಳು ಎಂದರೆ ಯಾರಿಗೆ ನಷ್ಟ. ಹೆತ್ತ ತಾಯಿಯನ್ನೇ ಅರ್ಜಿಯಲ್ಲಿ ಸಾಯಿಸುವ ನಮಗೆ ಅದೊಂದು ಸುಳ್ಳೇ ಅಲ್ಲ. ಕಾಗದ ಟೇಬಲ್ಲಿನ ಮೇಲಿತ್ತು, ಪೆನ್ನು ಅದರ ಪಕ್ಕದಲ್ಲಿತ್ತು.

ಬಾಯಮ್ಮ ಬಟ್ಟಲನ್ನು ಕೆಳಗಿಟ್ಟು, ಇಲ್ಲ ಎಂದರು. ಎರಡು ತಿಂಗಳಾದ ಮೇಲೆ ಅವಳು ರಾಣಿಗೆ ಪತ್ರ ಬರೆದಳು, ಇಲ್ಲಿ ಹೊತ್ತು ಹೋಗುವುದಿಲ್ಲ, ನನ್ನನ್ನು ವಾಪಸು ಕರೆಸಿಕೊಳ್ಳಿ ಎಂದು ಕೇಳಿದಳು, ಪುಸ್ತಕದ ಕೊನೆಯ ಪತ್ರವೇ ಅದು ಎಂದು ಒಂದನ್ನೂ ಬಿಡದೆ ಹೇಳಿದರು.

ಅರ್ಬಾಬರ ಮುಖ ಅರಳಿತು. ಅದನ್ನು ಮುಚ್ಚಿಡಲು ಅವರು ಪ್ರಯತ್ನಿಸಲೂ ಇಲ್ಲ. ನೋಡಿದಿರಾ ಎನ್ನುವಂತೆ ನನ್ನತ್ತಲೂ ತಿರುಗಿದರು. ನನಗೆ ಬಾಯಮ್ಮನ ಮೇಲೆ ಅಳುವಷ್ಟು ಸಿಟ್ಟು ಬಂತು. ಆಮೇಲೆ ರಾಣಿ ಏನೆಂದಳು ಎಂದು ಅರ್ಬಾಬ್ ಉತ್ಸಾಹದಿಂದ ಕೇಳಿದರು.

“ರಾಣಿ ಉತ್ತರ ಬರೆಯಲಿಲ್ಲ,” ಎಂದರು ಬಾಯಮ್ಮ. “ಆದರೂ ನನಗೆ ಹೋಗಬೇಕು.”

ಅರ್ಬಾಬ್ ತಲೆಯ ಮೇಲಿನ ಕಸೂತಿಯ ಟೋಪಿಯನ್ನು ತೆಗೆದು, ಮತ್ತೆ ಹಾಕಿಕೊಂಡರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡಬಾರದಿತ್ತು ಎಂದುಕೊಂಡೆ. ಕೊನೆಗೆ ಪೆನ್ನು ತೆಗೆದುಕೊಂಡು ಆ ಒಂದು ಸಾಲಿನ ಕೆಳಗೆ ಸಹಿ ಹಾಕಿದರು.

“ಆ ರಾಣಿ ಮಾಡಿದ್ದು ಸರಿಯಲ್ಲ ಮೇಡಂ. ನೀವು ಬರೆದರೆ ನಾನು ಉತ್ತರ ಬರೆಯುತ್ತೇನೆ.”

ನನ್ನ ಮೋರಿಗೆ ಆವತ್ತು ಸಹಿ ಆಗಲಿಲ್ಲ. ಕೇಳುವ ಧೈರ್ಯವೂ ನನಗಾಗಲಿಲ್ಲ. ಹೊರಗೆ ಬಂದಮೇಲೆ ಯಾಕೆ ನಿಜ ಹೇಳಿದಿರಿ ಎಂದು ಬಾಯಮ್ಮನ ಮೇಲೆ ಹರಿಹಾಯ್ದೆ. ಸುಳ್ಳು ಹೇಳಿ ಬಿಡಿಸಿಕೊಂಡು ಹೋದರೆ ಆ ಜಗಲಿಯಲ್ಲಿ ಕೂರಲಿಕ್ಕಾಗುವುದಿಲ್ಲ ಮಾರಾಯ ಎಂದರು. ಆಮೇಲೆ ಕಣ್ಣೊರೆಸಿಕೊಂಡು, ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿ, ಒಂದು ಗ್ಲಾಸು ನೀರು ಕೇಳಿದರು.

ಹೊಸಬಳಿಗೆ ಕೆಲಸ ಕಲಿಸಲು ಮೂರು ತಿಂಗಳು ತೆಗೆದುಕೊಂಡರು. ಕೊನೆಯ ಪತ್ರವನ್ನೂ ಆ ಮೂರು ತಿಂಗಳಲ್ಲೇ ಕನ್ನಡಕ್ಕೆ ತಂದರು. ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಅರ್ಬಾಬರ ಕಾರಿನಲ್ಲೇ ಹೋದರು. ಹೆಚ್ಚು ತೂಕವೆಂದು ನಿಲ್ದಾಣದವರು ತಡೆದಾಗ ಹಲ್ವಾದ ಡಬ್ಬಿಗಳನ್ನು ತೆಗೆದು ಡ್ರೈವರ್ ಕೈಗೆ ಕೊಟ್ಟರು, ಬರೆದ ಹಾಳೆಗಳ ಕಟ್ಟನ್ನು ಬಿಡಲಿಲ್ಲ.

ಆಮೇಲಿನ ನಾಲ್ಕು ವರ್ಷ ನಾನು ಆಗಾಗ ಫೋನ್ ಮಾಡುತ್ತಿದ್ದೆ. ಎಂಟು ಗಂಟೆಗೆ ಮೊದಲು ಮಾಡಿದರೆ ಎತ್ತುತ್ತಿರಲಿಲ್ಲ. ಒಂಬತ್ತಕ್ಕೆ ಮಾಡಿದರೆ ಇಬ್ರಿಯ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದರು, ಡ್ರೈವರನ ಮಗಳ ಮದುವೆ, ಹೊಸ ಸೆಕ್ರೆಟರಿಯ ಫೈಲುಗಳು, ಅರ್ಬಾಬರ ಸಕ್ಕರೆ ಕಾಯಿಲೆ. ಬೇಜಾರಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಆಗುವುದುಂಟು, ಆದರೆ ಈ ಬೇಜಾರು ನನ್ನದೇ ಅಲ್ಲವಾ ಎಂದರು. ಕೌಂಟೆಸಳಿಗೆ ಹಾಗನ್ನಿಸಿದ್ದರೆ ಅವಳು ಆ ಪತ್ರ ಬರೆಯುತ್ತಿರಲಿಲ್ಲ ಎಂದು ಸೇರಿಸಿದರು. ಒಂದು ಬೆಳಿಗ್ಗೆ ಎಂಟು ದಾಟಿ ಬಹಳ ಹೊತ್ತಾದರೂ ಅವರು ಕುರ್ಚಿಯಿಂದ ಏಳದಿದ್ದಾಗ ತಂಗಿ ಹೋಗಿ ಭುಜ ಮುಟ್ಟಿದರಂತೆ.

ತಂಗಿಯ ಫೋನ್ ಬಂದ ದಿನ ಅರ್ಬಾಬರಿಗೆ ತಿಳಿಸುವ ಕೆಲಸ ನನ್ನ ಪಾಲಿಗೇ ಬಂತು. ಅವರಿಗೀಗ ವಯಸ್ಸಾಗಿದೆ, ಆಫೀಸಿಗೆ ಬೆಳಿಗ್ಗೆ ಮಾತ್ರ ಬರುತ್ತಾರೆ. ಮರುದಿನ ಹತ್ತು ಗಂಟೆಗೆ ಒಳಗೆ ಹೋಗಿ ಹೇಳಿದೆ. ಅವರು ಸತ್ತವರಿಗೆ ಹೇಳುವ ಪ್ರಾರ್ಥನೆಯನ್ನು ಮೆಲ್ಲಗೆ ಹೇಳಿಕೊಂಡರು. ಹೇಗಾಯಿತು, ನರಳಿದರೇ ಎಂದು ವಿಚಾರಿಸಿದರು. ಆಮೇಲೆ, ಅವರು ನಿಮಗೆ ಯಾವತ್ತಾದರೂ ಹೇಳಿದ್ದರೇ, ವಾಪಸು ಬರುತ್ತೇನೆ ಎಂದು, ಒಂದು ಸಲವಾದರೂ, ಎಂದು ಕೇಳಿದರು.

ಇಲ್ಲ ಅರ್ಬಾಬ್, ಒಂದು ಸಲವೂ ಹೇಳಲಿಲ್ಲ ಎಂದೆ.

ಅವರು ಟೇಬಲ್ಲಿನ ಖಾನೆ ಎಳೆದು ಒಂದು ಲಕೋಟೆ ತೆಗೆದರು. ಮೇಲೆ ಬಾಯಮ್ಮನ ಪೂರ್ತಿ ಹೆಸರೂ ಶಂಕರಪುರದ ವಿಳಾಸವೂ ಇತ್ತು. ಅಂಟಿಸಿಯೂ ಆಗಿತ್ತು. ಮೇಡಂ ಹೊರಟ ವಾರವೇ ಉತ್ತರ ಬರೆದಿಟ್ಟಿದ್ದೆ, ಅವರ ಪತ್ರ ಬಂದರೆ ಕಾಯಿಸಬಾರದಲ್ಲ, ಎಂದರು. ಅದನ್ನು ತೆರೆಯದೆ ಎರಡು ತುಂಡು ಮಾಡಿ, ಅವನ್ನು ಮತ್ತೆ ಎರಡು ಮಾಡಿ, ಕಸದ ಬುಟ್ಟಿಗೆ ಹಾಕಿದರು.

“ಅಲ್‌ಹಮ್ದುಲಿಲ್ಲಾ,” ಎಂದರು. “ಹಾಗಾದರೆ ಅಲ್ಲಿ ಚೆನ್ನಾಗಿದ್ದರು.”